ವಿಷಯ ಆರಿಸುವ ಮುನ್ನ ನಡುವಿನ ಪಾಠ ತೆರೆಯಿರಿ
ಹೈಸ್ಕೂಲಿನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ಗೊಂದಲವಿದ್ದರೆ, ಮುಂದಿನ ವರ್ಷದ ಪುಸ್ತಕದ ನಡುವಿನ ಪಾಠವೊಂದನ್ನು ತೆರೆದು, ಬಿಡಿಸಿ ತೋರಿಸಿದ ಲೆಕ್ಕವನ್ನೋ ಪ್ರಶ್ನೆಯನ್ನೋ ಉತ್ತರ ಮುಚ್ಚಿಟ್ಟು ಅರ್ಧ ಗಂಟೆ ಪ್ರಯತ್ನಿಸಿ. ಮೊದಲ ಪಾಠ ಬೇಡ, ಅದು ಸಾಮಾನ್ಯವಾಗಿ ಸುಲಭ. ತಪ್ಪಾದರೂ ಇನ್ನೊಂದು ಸಲ ನೋಡೋಣ ಅನ್ನಿಸಿದರೆ ಆ ವಿಷಯ ನಿಮಗೆ ಒಗ್ಗುತ್ತದೆ. ಹಳೆಯ ಅಂಕಗಳಿಂದ ಇದು ತಿಳಿಯುವುದಿಲ್ಲ. ಒಳ್ಳೆಯ ಟೀಚರ್ ಸಿಕ್ಕರೂ ಅಂಕ ಜಾಸ್ತಿ ಬರುತ್ತದೆ, ಅಲ್ವಾ? ಸುಮ್ನೆ ಹೆಸರು ನೋಡಿ ಆರಿಸಲೂಬೇಡಿ: ಅರ್ಥಶಾಸ್ತ್ರದಲ್ಲಿ ಗ್ರಾಫ್ ಇರುತ್ತದೆ, ಮನಃಶಾಸ್ತ್ರದಲ್ಲಿ ಮುಂದೆ ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಬರುತ್ತದೆ. ಆದರೆ ಎಂಜಿನಿಯರಿಂಗ್ ಥರದ ಗುರಿ ಇದ್ದರೆ ಇಷ್ಟೇ ಸಾಲದು, ಗಣಿತ ಹಿಡಿಸದಿದ್ದರೂ ಬೇಕೇ ಬೇಕು. ಹಾಗಾಗಿ ಕಾಲೇಜು ಕೇಳುವ ಕಡ್ಡಾಯ ವಿಷಯಗಳನ್ನು ಮೊದಲು ಬರೆದಿಟ್ಟುಕೊಂಡು, ಉಳಿದವನ್ನು ಆರಿಸಲು ಮಾತ್ರ ಹೀಗೆ ಮಾಡಿ.