ಗೋವಾದ ಸಣ್ಣ ಹಿತ್ತಲಲ್ಲಿ ನಾಲ್ಕು ಕೋಳಿ: ಮೊದಲು ಗೂಡು, ಆಮೇಲೆ ಕೋಳಿ

ವಿಜಯಪುರ, ಗದಗ ಕಡೆಯ ಊರುಗಳಲ್ಲಿ ಕೋಳಿಗೆ ಒಂದು ಬಿದಿರು ಬುಟ್ಟಿ ಸಾಕು. ರಾತ್ರಿ ಕವುಚಿ ಹಾಕಿ ಮೇಲೊಂದು ಕಲ್ಲು ಹೇರಿದರಾಯಿತು. ಬೆಳಿಗ್ಗೆ ಬಿಟ್ಟರೆ ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಅದೇ ರೂಢಿಯನ್ನು ವಾಸ್ಕೊ, ಫೋಂಡಾ, ಮಾಪ್ಸಾದ ಹಿತ್ತಲಿಗೆ ತಂದರೆ ಮೊದಲ ಮಳೆಗಾಲ ದಾಟುವುದು ಕಷ್ಟ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚೂಕಡಿಮೆ ಅಷ್ಟನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಸುರಿದುಬಿಡುತ್ತವೆ. ಇಲ್ಲಿ ಕೋಳಿಗೆ ದೊಡ್ಡ ಶತ್ರು ತೇವ. ಆದ್ದರಿಂದ ಗೂಡು ಮುಗಿಯುವವರೆಗೆ ಕೋಳಿ ತರಬೇಡಿ, ಗೂಡನ್ನು ಮೇ ಮುಗಿಯುವುದರೊಳಗೆ ಮುಗಿಸಿ.

ಅದಕ್ಕೂ ಮೊದಲು ಎರಡು ಮಾತು ಕೇಳಿಕೊಂಡು ಬರಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು, ಜೊತೆಗೆ ಪಂಚಾಯತಿ ಅಥವಾ ಪುರಸಭೆಯನ್ನು. ಪಕ್ಕದ ಮನೆಯವರಿಗೂ ತಿಳಿಸಿರಿ. ಹುಂಜ ಬೇಡ. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಿಲ್ಲ, ಮರಿ ಬೇಕಾದರೆ ಮಾತ್ರ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕೂಗುವ ಹುಂಜದಿಂದ ಕೆಡುವ ನೆರೆಹೊರೆ ಮೊಟ್ಟೆ ಹಂಚಿದರೂ ಸರಿಹೋಗುವುದಿಲ್ಲ.

ಎಷ್ಟು ಕೋಳಿ? ನಾಲ್ಕು. ಒಂಟಿ ಕೋಳಿ ಕೊರಗುತ್ತದೆ. ಎರಡರಲ್ಲಿ ಒಂದು ಸತ್ತರೆ ಮತ್ತೆ ಅದೇ ಪಾಡು.

ಗೂಡು

ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ, ಹೊರಗೆ ಓಡಾಡಲು ಕನಿಷ್ಠ 8ರಿಂದ 10 ಚದರ ಅಡಿ ಲೆಕ್ಕ ಹಿಡಿಯಿರಿ. ನಾಲ್ಕು ಕೋಳಿಗೆ 4 ಅಡಿ ಉದ್ದ, 4 ಅಡಿ ಅಗಲದ ಗೂಡು, ಅದಕ್ಕೆ ಅಂಟಿಕೊಂಡು 4 ಅಡಿ ಅಗಲ 10 ಅಡಿ ಉದ್ದದ ಜಾಲರಿಯ ಅಂಗಳ. ಗೂಡನ್ನು ನೆಲದ ಮೇಲೆ ಕೂರಿಸಬೇಡಿ. ನಾಲ್ಕು ಮೂಲೆಗೆ ಚೀರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಕಂಬ ಎಬ್ಬಿಸಿ ನೆಲದಿಂದ 2 ಅಡಿ ಮೇಲೆ ಹಲಗೆ ಹಾಸಿ. ಕೆಳಗೆ ಗಾಳಿ ಆಡುತ್ತದೆ, ಹೆಗ್ಗಣ ಬಿಲ ತೋಡಿದರೆ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಮಳೆ ಬೀಸುವುದು ನೈಋತ್ಯ ಮತ್ತು ಪಶ್ಚಿಮದಿಂದ. ದಕ್ಷಿಣ, ಪಶ್ಚಿಮದ ಬದಿ ಪೂರ್ತಿ ಹಲಗೆ, ಪೂರ್ವಕ್ಕೆ ಜಾಲರಿ. ಸೂರು ಗೋಡೆಯಿಂದ ಒಂದೂವರೆ, ಎರಡು ಅಡಿ ಆಚೆಗೆ ಚಾಚಿರಲಿ. ಮಂಗಳೂರು ಹೆಂಚು ಸಿಕ್ಕರೆ ಒಳ್ಳೆಯದು. ತಗಡು ಹಾಕಿದರೆ ಏಪ್ರಿಲ್, ಮೇನಲ್ಲಿ ಒಳಗೆ ಕಾವಲಿಯ ಕಾವು. ಮೇಲೆ ಹೆಣೆದ ತೆಂಗಿನ ಗರಿ ಹೊದಿಸಬೇಕಾಗುತ್ತದೆ. ಸೂರಿನ ಕೆಳಗೆ ಸುತ್ತಲೂ ಒಂದು ಗೇಣು ಜಾಗ ಬಿಟ್ಟು ಅದಕ್ಕೆ ಜಾಲರಿ ಹೊಡೆಯಿರಿ.

ಈ ಒಂದು ಗೇಣಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಜುಲೈನಲ್ಲಿ ಮಳೆ ಜೋರಾದಾಗ ಪಾಪ ಚಳಿಯಾಗುತ್ತದೆ ಎಂದು ನೀಲಿ ತಾಡಪತ್ರಿಯನ್ನು ಸುತ್ತಲೂ ಬಿಗಿದುಬಿಡುತ್ತಾರೆ. ಒಳಗಿನ ಉಸಿರಿನ ಹಬೆ, ಹಿಕ್ಕೆಯ ತೇವ ಎರಡೂ ಅಲ್ಲೇ ನಿಂತು ಅಮೋನಿಯಾ ಏಳುತ್ತದೆ. ಕಣ್ಣು ನೀರಾಡಿ, ಮೂಗು ಸೋರಿ ಕೋಳಿ ಕಾಯಿಲೆ ಬೀಳುತ್ತದೆ. ಕೋಳಿಗೆ ಮೈತುಂಬ ಪುಕ್ಕವಿದೆ, ಒಣಗಿದ್ದರೆ ಚಳಿ ತಡೆಯುತ್ತದೆ. ತಾಡಪತ್ರಿಯನ್ನು ಗಾಳಿ ಬೀಸುವ ಬದಿಗಷ್ಟೇ ಇಳಿಬಿಡಿ, ಮೇಲಿನ ಗೇಣು ಯಾವತ್ತೂ ತೆರೆದಿರಲಿ.

ಜಾಲರಿಯಲ್ಲಿ ಜಿಪುಣತನ ಬೇಡ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್‌ಮೆಶ್, ಅಂದರೆ ಬೆಸುಗೆ ಹಾಕಿದ ಚೌಕ ಕಣ್ಣಿನ ಗಟ್ಟಿ ಜಾಲರಿ, ತನ್ನಿ. ಹಾವು, ಮುಂಗುಸಿಗೂ ಅದೇ ತಡೆ. ಮೊಳೆಗೆ ವಾಷರ್ ಹಾಕಿ ಬಡಿಯಿರಿ. ಚೀರೆಕಲ್ಲಿನ ನೆಲ ಅಗೆಯುವುದು ಸುಲಭವಲ್ಲ, ಹಾಗಾಗಿ ಜಾಲರಿಯನ್ನು ಹೂಳುವ ಬದಲು ಅಂಗಳದ ಹೊರಗೆ ಒಂದು ಅಡಿ ಅಗಲ ನೆಲದ ಮೇಲೆ ಮಲಗಿಸಿ ಕಲ್ಲು ಹೇರಿ. ಗೋಡೆಯ ಬುಡದಲ್ಲಿ ಕೆರೆಯಲು ಬಂದ ಪ್ರಾಣಿಗೆ ತಂತಿ ಅಡ್ಡ ಬರುತ್ತದೆ. ಅಂಗಳದ ಅರ್ಧಕ್ಕಾದರೂ ಸೂರಿರಲಿ; ಕೆಂಪು ಮಣ್ಣು ಮಳೆಗೆ ಕೆಸರಾಗುತ್ತದೆ, ಅಲ್ಲಿ ಮೂರು ಇಂಚು ದಪ್ಪ ಮರಳು ಹಾಕಿ.

ಒಳಗೆ ಕೂರಲು 2 ಇಂಚು ಅಗಲದ, ಅಂಚು ಉಜ್ಜಿ ದುಂಡಗೆ ಮಾಡಿದ ಅಡ್ಡಪಟ್ಟಿ ಬೇಕು. ಒಂದು ಕೋಳಿಗೆ 8ರಿಂದ 10 ಇಂಚು, ಹಲಗೆಯಿಂದ ಒಂದೂವರೆ ಅಡಿ ಎತ್ತರ. ಮೊಟ್ಟೆ ಇಡುವ ಡಬ್ಬಿ 12 ಇಂಚಿನ ಚೌಕ, ನಾಲ್ಕಕ್ಕೆ ಒಂದು ಸಾಕು. ಮಬ್ಬು ಮೂಲೆಯಲ್ಲಿ, ಅಡ್ಡಪಟ್ಟಿಗಿಂತ ಕೆಳಗಿರಲಿ. ಡಬ್ಬಿ ಮೇಲಿದ್ದರೆ ರಾತ್ರಿ ಅದರಲ್ಲೇ ಮಲಗಿ ಹಿಕ್ಕೆ ಮಾಡುತ್ತವೆ, ಬೆಳಿಗ್ಗೆ ಮೊಟ್ಟೆ ಗಲೀಜು.

ಹಲಗೆಯ ಮೇಲೆ ಮೂರು ಇಂಚು ಭತ್ತದ ಹೊಟ್ಟು ಹರಡಿ, ದಿನ ಬಿಟ್ಟು ದಿನ ಕೆದಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡಿ. ಬಿಟ್ಟ ತಕ್ಷಣ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚಾಗಿದೆ, ಆ ಭಾಗ ತೆಗೆದು ಹೊಸದು ಹಾಕಿ. ವಾಸನೆಯನ್ನು ನಿಂತು ನೋಡಬೇಡಿ, ಮಂಡಿಯೂರಿ ಕೋಳಿಯ ಎತ್ತರಕ್ಕೆ ಮೂಗು ತನ್ನಿ. ಕಣ್ಣು ಉರಿದರೆ ಅಂದೇ ಬದಲಿಸಿ. ಒದ್ದೆ ಹಾಸಿನಲ್ಲೇ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಬೆಳೆಯುವುದು. ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನು ಕಾಣಿ. ಆಂಪ್ರೋಲಿಯಂ ನೀರಿನಲ್ಲಿ ಕೊಡಿಸುತ್ತಾರೆ.

ಯಾವ ಕೋಳಿ, ಎಷ್ಟು ದೊಡ್ಡದು

ನಾಟಿ ಕೋಳಿ, ಗೋವಾದವರ ಮಾತಲ್ಲಿ ಗಾಂವ್ಟಿ, ಗಟ್ಟಿ ಜೀವ. ಆದರೆ ವರ್ಷಕ್ಕೆ 50ರಿಂದ 70 ಮೊಟ್ಟೆ, ನಡುನಡುವೆ ಕಾವಿಗೆ ಕೂರುವ ಹಟ. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ಗ್ರಾಮಪ್ರಿಯ ಮೊಟ್ಟೆಗೇ ಬೆಳೆಸಿದ ತಳಿ, ಹಿತ್ತಲಲ್ಲಿ ನಾಟಿಯ ಎರಡು ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ನಮ್ಮವರಿಗೆ ಪರಿಚಿತ, ಆದರೆ ಭಾರ. ಎತ್ತರದಿಂದ ಜಿಗಿದು ಅಂಗಾಲು ಗಾಯ ಮಾಡಿಕೊಳ್ಳುತ್ತದೆ. ಹಳೇ ಗೋವಾದ ಎಲಾದಲ್ಲಿರುವ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ಪಶುಸಂಗೋಪನೆ ಇಲಾಖೆಯಲ್ಲಿ ಮರಿಗಳ ಬಗ್ಗೆ ವಿಚಾರಿಸಬಹುದು.

ಹೊಸಬರು ಒಂದು ದಿನದ ಮರಿ ಕೊಳ್ಳದಿರುವುದೇ ಲೇಸು. ಅದಕ್ಕೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು; ಮಳೆಗಾಲದಲ್ಲಿ ಕರೆಂಟು ಹೋದರೆ ಬುಟ್ಟಿಗೆ ಬುಟ್ಟಿಯೇ ಖಾಲಿ. ಲಸಿಕೆಯದೂ ತೊಡಕು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಸಣ್ಣ ಬಾಟಲಿಯಲ್ಲೂ ಹತ್ತಾರು ಕೋಳಿಗಾಗುವಷ್ಟು ಇರುತ್ತದೆ, 2ರಿಂದ 8 ಡಿಗ್ರಿ ತಂಪಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ನಾಲ್ಕು ಕೋಳಿಗೆ ಇದು ಪೂರೈಸುವುದಿಲ್ಲ. ಲಸಿಕೆ ಆಗಿರುವ 10ರಿಂದ 12 ವಾರದ ಹೇಂಟೆ ತನ್ನಿ, ನಾಲ್ಕನ್ನೂ ಒಂದೇ ಕಡೆಯಿಂದ, ಒಂದೇ ದಿನ. ಮುಂದಿನ ಲಸಿಕೆಗೆ ಓಣಿಯ ಕೋಳಿ ಮನೆಗಳೆಲ್ಲ ಒಟ್ಟಾಗಿ ದಿನ ಗೊತ್ತುಮಾಡಿ, ಥರ್ಮಾಸಿನಲ್ಲಿ ಐಸ್ ತುಂಬಿ ಬಾಟಲಿ ತಂದರೆ ಒಂದೇ ಗಂಟೆಯ ಕೆಲಸ.

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕೊಳ್ಳುವುದಾದರೂ ಕೈಗೆತ್ತಿಕೊಂಡು ನೋಡದೆ ದುಡ್ಡು ಕೊಡಬೇಡಿ. ಕಣ್ಣು ಹೊಳೆಯಬೇಕು, ಮೂಗಿನ ಹೊಳ್ಳೆ ಒಣಗಿರಬೇಕು, ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿರಬಾರದು. ಎದೆಯ ಮೂಳೆಯ ಎರಡೂ ಪಕ್ಕ ಬೆರಳಿಗೆ ಮಾಂಸ ಸಿಗಬೇಕು. ನಿಮ್ಮ ಕಿವಿಯ ಹತ್ತಿರ ಹಿಡಿದಾಗ ಉಸಿರು ಗೊರಗೊರ ಎಂದರೆ ಕೆಳಗಿಡಿ.

ತಂದ ಮೇಲೆ ಒಂದು ವಾರ ಗೂಡು, ಅಂಗಳ ಬಿಟ್ಟು ಹೊರಗೆ ಬಿಡಬೇಡಿ. ಮನೆ ಯಾವುದೆಂದು ಗೊತ್ತಾದರೆ ಸಂಜೆ ತಾವೇ ಒಳಗೆ ಬರುತ್ತವೆ.

ತಿನಿಸು, ನೀರು

ದೊಡ್ಡ ಕೋಳಿ ದಿನಕ್ಕೆ 110 ಗ್ರಾಂ ತಿನ್ನುತ್ತದೆ. ನಾಲ್ಕಕ್ಕೆ ತಿಂಗಳಿಗೆ 13 ಕೆಜಿ. ಅಗ್ಗವೆಂದು ಜೂನ್‌ನಲ್ಲಿ 50 ಕೆಜಿ ಮೂಟೆ ತರಬೇಡಿ. ತೇವ ತಾಗಿದ ಮೆಕ್ಕೆಜೋಳ, ಶೇಂಗಾ ಹಿಂಡಿಗೆ ಬೂಷ್ಟು ಹಿಡಿದರೆ ಅದರ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ. ತಿಂಗಳಿಗಾಗುವಷ್ಟೇ ತಂದು ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಇಡಿ. ಬೂಷ್ಟು ಹಿಡಿದ ಪಾವ್ ಕೂಡ ಹಾಕಬಾರದು.

ಸುಮಾರು 18 ವಾರದವರೆಗೆ ಬೆಳೆಯುವ ಕೋಳಿಯ ಗ್ರೋವರ್ ಫೀಡ್, ಜುಟ್ಟು ಕೆಂಪೇರಿ ಮೊದಲ ಮೊಟ್ಟೆ ಬರುವ ಹೊತ್ತಿಗೆ ಲೇಯರ್ ಫೀಡ್. ಮೊದಲೇ ಲೇಯರ್ ಫೀಡ್ ಹಾಕಿದರೆ ಅದರ ಹೆಚ್ಚಿನ ಸುಣ್ಣದಂಶ ಎಳೆಯ ಮೂತ್ರಪಿಂಡಕ್ಕೆ ಪೆಟ್ಟು. ಬರೀ ಜೋಳ, ಅಕ್ಕಿ ನುಚ್ಚಿನಿಂದ ಹೊಟ್ಟೆ ತುಂಬುತ್ತದೆ, ಮೊಟ್ಟೆ ಬರುವುದಿಲ್ಲ. ಅವುಗಳಲ್ಲಿ ಪ್ರೋಟೀನ್ ಸಾಲದು. ಅಡುಗೆಮನೆಯ ಉಳಿಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗದಿರಲಿ, ಉಪ್ಪು ಖಾರದ್ದು ಬೇಡ. ಮೊಟ್ಟೆಯ ಚಿಪ್ಪು ತೆಳುವಾದರೆ ಮೀನು ಮಾರ್ಕೆಟ್ಟಿನ ತಿಸ್ರ್ಯೊ ಎಂಬ ಚಿಪ್ಪುಮೀನಿನ ಚಿಪ್ಪಿಗಿಂತ ಒಳ್ಳೆಯ ಮದ್ದಿಲ್ಲ: ತೊಳೆದು, ಒಣಗಿಸಿ, ಜೋಳದ ಕಾಳಿನಷ್ಟು ಸಣ್ಣಗೆ ಜಜ್ಜಿ ಬೇರೆ ಬಟ್ಟಲಲ್ಲಿ ಇಡಿ. ಬೇಕಾದದ್ದು ಬೇಕಾದಷ್ಟು ಹೆಕ್ಕುತ್ತದೆ.

ನೀರು ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರ್, ಬೇಸಿಗೆಯಲ್ಲಿ ಅದರ ಎರಡರಷ್ಟು. ಪಾತ್ರೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟಿಗೆಯ ಮೇಲಿಟ್ಟರೆ ಕೆದರಿ ಕೊಳಕು ಮಾಡುವುದಿಲ್ಲ.

ಎಚ್ಚರ ಬೇಕಾದ ಎರಡು ರೋಗ

ಕೊಕ್ಕರೆ ರೋಗದಲ್ಲಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು. ಬಂದ ಮೇಲೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಒಂದೆರಡು ದಿನದಲ್ಲಿ ಒಂದಕ್ಕಿಂತ ಹೆಚ್ಚು ಕೋಳಿ ಸತ್ತರೆ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವೂ ಹೀಗೆಯೇ ಶುರುವಾಗುತ್ತದೆ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಲೆಗೆ ಎಸೆಯಬೇಡಿ. ಅವರು ಹೂಳಲು ಹೇಳಿದರೆ ಬಾವಿಯಿಂದ ದೂರ ಮೂರು ಅಡಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಇನ್ನೊಂದು ಸಿಡುಬು, ಜುಟ್ಟು ಮತ್ತು ಮುಖದ ಮೇಲೆ ಕಪ್ಪು ಕಜ್ಜಿ. ಸೊಳ್ಳೆ ಹರಡುತ್ತದೆ. ಸಂಜೆ ಗೂಡಿನ ಜಾಲರಿಗೆ ಹಳೇ ಸೊಳ್ಳೆಪರದೆ ಹೊದಿಸಿ, ಹಿತ್ತಲಲ್ಲಿ ಬಿದ್ದಿರುವ ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರು ಚೆಲ್ಲಿ.

ಮೊಟ್ಟೆಯನ್ನು ದಿನಕ್ಕೆರಡು ಸಲ ಎತ್ತಿ, ಒಣ ಬಟ್ಟೆಯಿಂದ ಒರೆಸಿ. ಮೊದಲೇ ತೊಳೆದಿಟ್ಟರೆ ಮೇಲಿನ ಪೊರೆ ಹೋಗಿ ಬೇಗ ಕೆಡುತ್ತದೆ. ಕಾವಿಗೆ ಕೂತ ಹೇಂಟೆಯನ್ನು ಮೂರು ನಾಲ್ಕು ದಿನ ಜಾಲರಿ ತಳದ ಪಂಜರದಲ್ಲಿ ನೀರು, ಕಾಳಿಟ್ಟು ಕೂಡಿಹಾಕಿ. ಹೊಟ್ಟೆಗೆ ಗಾಳಿ ತಾಗಿ ಕಾವು ಇಳಿಯುತ್ತದೆ. ಗೂಡಿನಿಂದ ತೆಗೆದ ಹಾಸು ಹಸಿಯಾಗಿದ್ದಾಗ ಉರಿಗೊಬ್ಬರ, ಮೆಣಸಿನ ಗಿಡಕ್ಕೆ ನೇರ ಹಾಕಿದರೆ ಎಲೆ ಸುಡುತ್ತದೆ. ಎರಡು ಮೂರು ತಿಂಗಳು ಸೂರಿನ ಕೆಳಗೆ ಗುಡ್ಡೆ ಹಾಕಿ ಕೊಳೆಸಿದ ಮೇಲೆ ಕರಿಬೇವಿಗೆ, ತೆಂಗಿಗೆ ಹಾಕಿ. ಮತ್ತೆ ಆ ಬುಡಕ್ಕೆ ಕಲ್ಲು ಸುತ್ತಿಡಿ, ಇಲ್ಲದಿದ್ದರೆ ಸಂಜೆಯೊಳಗೆ ಅದನ್ನೂ ಕೆದರಿರುತ್ತವೆ.