ಪಿಎಚ್ ಲೆಕ್ಕ: ದುರ್ಬಲ ಆಮ್ಲದಲ್ಲಿ ಎಡವಬೇಡಿ
ದ್ರಾವಣ ಎಷ್ಟು ಆಮ್ಲೀಯ ಅನ್ನುವ ಅಳತೆಯೇ ಪಿಎಚ್: ಹೈಡ್ರೋಜನ್ ಅಯಾನಿನ ಸಾರತೆಗೆ ಲಾಗ್ (ಆಧಾರ 10) ತೆಗೆದು ಚಿಹ್ನೆ ಬದಲಿಸಿದರೆ ಸಿಗುತ್ತದೆ. ಪ್ರಬಲ ಆಮ್ಲ ಸುಲಭ. ಪೂರ್ತಿ ಅಯಾನೀಕರಣ ಆಗುವುದರಿಂದ 0.01 ಮೋಲಾರ್ (ಲೀಟರಿಗೆ 0.01 ಮೋಲ್) ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ನೇರವಾಗಿ 2. ಆದರೆ 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ 1 ಅಂತ ಬರೆದುಬಿಡಬೇಡಿ, ಅದು ದುರ್ಬಲ ಆಮ್ಲ, ಸ್ವಲ್ಪ ಭಾಗ ಮಾತ್ರ ಅಯಾನೀಕರಣ ಆಗುತ್ತದೆ. ಸಾರತೆಯನ್ನು ವಿಯೋಜನ ಸ್ಥಿರಾಂಕ (ಆಮ್ಲ ಎಷ್ಟು ಅಯಾನೀಕರಣ ಆಗುತ್ತದೆ ಎಂದು ಹೇಳುವ ಸಂಖ್ಯೆ) 1.8 × 10⁻⁵ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ: ಹೈಡ್ರೋಜನ್ ಅಯಾನು 1.34 × 10⁻³ ಮೋಲಾರ್, ಪಿಎಚ್ 2.87.

ಅಲ್ಲಿಗೇ ನಿಲ್ಲಿಸಬೇಡಿ, ಈ ವರ್ಗಮೂಲದ ದಾರಿ ಅಂದಾಜು ಮಾತ್ರ. ಬಂದ ಅಯಾನು ಮೂಲ ಸಾರತೆಯ ಶೇ. 5ರೊಳಗಿದೆಯೇ ನೋಡಿ. ಇಲ್ಲಿ ಶೇ. 1.3, ಸರಿ. ಅದೇ ಆಮ್ಲ 0.001 ಮೋಲಾರ್ ಆದರೆ ಶೇ. 13 ದಾಟುತ್ತದೆ, ಆಗ ವರ್ಗ ಸಮೀಕರಣವೇ ಗತಿ, ಪಿಎಚ್ 3.87 ಅಲ್ಲ, 3.90. (ಕ್ಯಾಲ್ಕುಲೇಟರಿನಲ್ಲಿ ಲಾಗ್ ಬದಲು ಸ್ವಾಭಾವಿಕ ಲಾಗ್ ಆದ ಎಲ್‌ಎನ್ ಒತ್ತಿದರೆ ಉತ್ತರ 2.3 ಪಟ್ಟಾಗುತ್ತದೆ!)

10⁻⁸ ಮೋಲಾರ್ ಹೈಡ್ರೋಕ್ಲೋರಿಕ್‌ಗೆ 8 ಬಂತೇ? ಆಮ್ಲದ ಪಿಎಚ್ 7 ದಾಟಬಾರದು. ನೀರಿನ ಅಯಾನುಗಳನ್ನೂ ಸೇರಿಸಿ, 6.98 ಸಿಗುತ್ತದೆ.