ಬ್ರೌನಿ ಟ್ರಫಲ್‌ಗೆ ಕೈಚಳಕ ಬೇಡ, ಒಣ ಕೈ ಸಾಕು

ಅಂಗಡಿಯಲ್ಲಿ ಚಿನ್ನದ ಬಣ್ಣದ ಕಾಗದದ ಬಟ್ಟಲಲ್ಲಿ ಕೂರಿಸಿ, ಒಂದೊಂದಕ್ಕೂ ಬೇರೆ ಬೇರೆ ದುಡ್ಡು ಎಣಿಸಿಕೊಳ್ಳುತ್ತಾರಲ್ಲ, ಆ ಬ್ರೌನಿ ಟ್ರಫಲ್ ಒಳಗೆ ದೊಡ್ಡ ಗುಟ್ಟೇನೂ ಇಲ್ಲ. ಬ್ರೌನಿಯನ್ನು ಪುಡಿ ಮಾಡಿ, ಮತ್ತೆ ಉಂಡೆ ಕಟ್ಟಿ, ಮೇಲೆ ತೆಳ್ಳಗೆ ಚಾಕೊಲೇಟ್ ಹಿಡಿಸಿರುತ್ತಾರೆ, ಅಷ್ಟೇ. ಉಂಡೆ ಕಟ್ಟುವುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಲ್ಲರೂ ಎಡವುವುದು ಮೇಲಿನ ಪದರದಲ್ಲಿ. ನನ್ನ ಹತ್ತಿರ ಕೇಳಿಕೊಂಡು ಬರುವ ಹುಡುಗಿಯರು, ಈಗೀಗ ಹುಡುಗರೂ, ಹೇಳುವುದೆಲ್ಲ ಅದರದ್ದೇ ಗೋಳು: ಚಾಕೊಲೇಟ್ ಕರಗಿಸುವಾಗ ಗಂಟುಗಟ್ಟಿತು, ಅದ್ದಿಟ್ಟದ್ದು ಬಿರುಕು ಬಿಟ್ಟಿತು, ಮಾರನೇ ದಿನ ಮೇಲೆ ಬೆಳ್ಳಗೆ ಬೂದಿ ಬಳಿದಂತಾಯಿತು. ಮೂರಕ್ಕೂ ಮೂಲ ಹುಡುಕಿದರೆ ಎಲ್ಲೋ ನೀರು ತಾಗಿರುತ್ತದೆ, ಇಲ್ಲವೇ ಬಿಸಿ ತಣ್ಣನೆಯ ಲೆಕ್ಕ ತಪ್ಪಿರುತ್ತದೆ.

ಮೊದಲು ಬ್ರೌನಿ. ಇದಕ್ಕೆಂದೇ ಹೊಸದಾಗಿ ಬೇಯಿಸಲೇಬೇಕೆಂದಿಲ್ಲ. ಎರಡು ದಿನದ ಹಿಂದೆ ಮಾಡಿ ಉಳಿದದ್ದು, ಸ್ವಲ್ಪ ಒಣಗಿದ್ದು ಇದ್ದರೆ ಇನ್ನೂ ಒಳ್ಳೆಯದು, ಪುಡಿ ಚೆನ್ನಾಗಿ ಆಗುತ್ತದೆ. ಬೇಕರಿಯಿಂದ ತಂದದ್ದೂ ನಡೆಯುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಬಿಡಿಯಾಗಿ ಕೊಂಡರೆ ಬಾಯಿಬಿಟ್ಟು ಕೇಳಿ, ಬ್ರೌನಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇದ್ದೇ ಇರುತ್ತದೆ.

ಮನೆಯಲ್ಲೇ ಮಾಡುವವರಿಗೆ ಮೊಟ್ಟೆ ಇಲ್ಲದ ಒಂದು ಅಳತೆ ಹೇಳುತ್ತೇನೆ. 100 ಗ್ರಾಂ ಡಾರ್ಕ್ ಚಾಕೊಲೇಟ್, 80 ಗ್ರಾಂ ಬೆಣ್ಣೆ ಒಟ್ಟಿಗೆ ಕರಗಿಸಿ, ಅದಕ್ಕೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಕಾಲು ಲೋಟದಷ್ಟು ಹಾಲು ಸೇರಿಸಿ. 100 ಗ್ರಾಂ ಮೈದಾ, 30 ಗ್ರಾಂ ಕೋಕೋ ಪುಡಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪನ್ನು ಜರಡಿ ಹಿಡಿದು ಮೇಲಿನಿಂದ ಹಾಕಿ, ಹಿಟ್ಟು ಕಾಣದಂತಾಗುವವರೆಗೆ ಮಾತ್ರ ಕಲಸಿ. ಓವನ್ನಿನಲ್ಲಾದರೆ 170 ಡಿಗ್ರಿಯಲ್ಲಿ 22ರಿಂದ 25 ನಿಮಿಷ. ಓವನ್ ಇಲ್ಲದವರು ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವಿಷಲ್ ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಇಡಿ. ಹಳೆಯ ಕುಕ್ಕರ್ ಅಂತ ಬೇಕೆಂದೇ ಹೇಳಿದ್ದು. ನೀರಿಲ್ಲದೆ ಕಾಯಿಸಿದರೆ ತಳ ಕಪ್ಪಾಗುತ್ತದೆ, ದಿನಾ ಬೇಳೆ ಬೇಯಿಸುವುದನ್ನು ಇದಕ್ಕೆ ಬಲಿ ಕೊಡಬೇಡಿ. ಹೇಗೂ ಪುಡಿ ಮಾಡುವುದು ತಾನೇ ಎಂದು ಹಸಿ ಹಸಿಯಾಗಿ ಇಳಿಸುವವರಿದ್ದಾರೆ, ಅದು ಬೇಡ. ಹಸಿ ಮೈದಾ ಹೊಟ್ಟೆಗೆ ಒಳ್ಳೆಯದಲ್ಲ. ಕಡ್ಡಿ ಚುಚ್ಚಿದರೆ ಒದ್ದೆ ಪುಡಿ ಅಂಟಿಕೊಂಡು ಬರಬಹುದು, ಹಿಟ್ಟು ಬರಬಾರದು. ಈ ಅಳತೆಯಲ್ಲಿ ಅರ್ಧ ಕಿಲೋ ಆಸುಪಾಸು ಬ್ರೌನಿ ಆಗುತ್ತದೆ. 300 ಗ್ರಾಂ ಟ್ರಫಲ್‌ಗೆ ಎತ್ತಿಟ್ಟು ಉಳಿದದ್ದನ್ನು ಆವತ್ತೇ ಹಂಚಿಬಿಡಿ, ಇಲ್ಲದಿದ್ದರೆ ಎತ್ತಿಟ್ಟದ್ದಕ್ಕೂ ಕೈ ಬೀಳುತ್ತದೆ.

ಬ್ರೌನಿ ಪೂರ್ತಿ ಆರಿದ ಮೇಲೆ ಗಟ್ಟಿಯಾದ ಅಂಚುಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬೆರಳಿನಿಂದ ಉದುರಿಸಿ. ಮಿಕ್ಸಿಗೆ ಹಾಕುವುದಾದರೆ ಒಂದೆರಡು ಸಲ ತಿರುಗಿಸಿ ಬಿಟ್ಟುಬಿಡಿ, ಹೆಚ್ಚಾದರೆ ಜಿಡ್ಡು ಬಿಟ್ಟು ಮುದ್ದೆಯಾಗುತ್ತದೆ. ಇನ್ನು ಅಂಟು. 300 ಗ್ರಾಂ ಪುಡಿಗೆ ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಸುಲಭದ ದಾರಿ, ಆದರೆ ಸಿಹಿ ಜಾಸ್ತಿ. ನನಗೆ ಹಿಡಿಸುವುದು ಬೇರೆ: 50 ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಎರಡು ದೊಡ್ಡ ಚಮಚ ಬಿಸಿ ಕ್ರೀಮ್ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ಕಲಸಿದರೆ ಹೊಳೆಯುವ ದಪ್ಪ ಸಾಸ್ ಆಗುತ್ತದೆ. ಅದಕ್ಕೆ ಫಿಲ್ಟರಿನ ಮೊದಲ ಗಟ್ಟಿ ಡಿಕಾಕ್ಷನ್ ಒಂದು ಟೀ ಚಮಚ ಹಾಕಿ ನೋಡಿ. ಕಾಫಿ ರುಚಿ ಎದ್ದು ಕಾಣುವುದಿಲ್ಲ, ಚಾಕೊಲೇಟಿನ ಕಹಿ ಮಾತ್ರ ಗಾಢವಾಗುತ್ತದೆ. ಒಳಗಿನ ಉಂಡೆಗೆ ಇಷ್ಟು ನೀರಿನಂಶ ಸೇರಿದರೆ ತೊಂದರೆ ಇಲ್ಲ, ನೀರು ಬರಬಾರದಾದದ್ದು ಹೊರಗಿನ ಪದರಕ್ಕೆ.

ಅಂಟನ್ನು ಒಟ್ಟಿಗೆ ಸುರಿಯದೆ ಚಮಚ ಚಮಚವಾಗಿ ಹಾಕಿ. ಒಂದೊಂದು ಬ್ರೌನಿ ಒಂದೊಂದು ಥರ ಹೀರುತ್ತದೆ, ಮೆತ್ತನೆಯದಕ್ಕೆ ಒಂದು ಚಮಚವೇ ಸಾಕಾಗಬಹುದು. ಹೋಳಿಗೆ ಮಾಡುವವರಿಗೆ ಹದ ವಿವರಿಸಬೇಕಿಲ್ಲ, ಕಣಕದೊಳಗೆ ತುಂಬಲು ಹೂರಣ ಎಷ್ಟು ಗಟ್ಟಿ ಇರಬೇಕೋ ಇದೂ ಅಷ್ಟೇ. ಹಿಸುಕಿದರೆ ಒಡೆಯಬಾರದು, ಅಂಗೈಗೆ ಮೆತ್ತಬಾರದು. ಹದ ಸಡಿಲವಾದರೆ ಆಮೇಲೆ ಚಾಕೊಲೇಟ್ ಪದರದ ಸೂಜಿಮೊನೆಯಷ್ಟು ತೂತಿನಿಂದಲೂ ಒಳಗಿನ ಸಿಹಿ ಜಿನುಗಿ, ಟ್ರಫಲ್ ಡಬ್ಬಿಗೆ ಅಂಟಿಕೊಳ್ಳುತ್ತದೆ. ಸಡಿಲವಾಗಿದೆ ಅನ್ನಿಸಿದರೆ ಒಂದು ಚಮಚ ಕೋಕೋ ಪುಡಿಯೋ ಬಿಸ್ಕತ್ತಿನ ಪುಡಿಯೋ ಸೇರಿಸಿ, ಹಸಿ ಮೈದಾ ಉದುರಿಸಬೇಡಿ. ಬಾದಾಮಿ, ಅಕ್ರೋಟು ಹಾಕುವವರು ಹುರಿದು, ಆರಿಸಿ, ಸಣ್ಣಗೆ ತರಿ ಮಾಡಿಕೊಳ್ಳಿ. ದೊಡ್ಡ ಚೂರು ಪದರದಿಂದ ಮೂಗು ಚಾಚಿಕೊಂಡು ಬರುತ್ತದೆ.

ಒಂದೊಂದು ಉಂಡೆ 17, 18 ಗ್ರಾಂ ಇರಲಿ. ಇಪ್ಪತ್ತರ ಆಸುಪಾಸು ಆಗುತ್ತವೆ. ದೊಡ್ಡದು ಮಾಡಿದರೆ ಒಂದೇ ಬಾಯಿಗೆ ಹಿಡಿಸುವುದಿಲ್ಲ, ಕಚ್ಚಿದ ಮೇಲೆ ಅರ್ಧ ಸೀರೆಗೆ, ಅರ್ಧ ಸೋಫಾಗೆ. ಕೈಗೆ ಅಂಟಿದರೆ ನೀರು ಮುಟ್ಟಿಕೊಳ್ಳುವ ಅಭ್ಯಾಸ ನಮ್ಮದು, ಇಲ್ಲಿ ಅದನ್ನು ಬಿಡಿ. ಒಂದು ತೊಟ್ಟು ಎಣ್ಣೆ ಸವರಿಕೊಳ್ಳಿ, ಅಥವಾ ಕೈ ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು ಮುಂದುವರಿಸಿ. ಉಂಡೆಗಳನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಬೇಡ. ಕಲ್ಲಿನಂತೆ ತಣ್ಣಗಾದ ಉಂಡೆಗೆ ಬೆಚ್ಚಗಿನ ಚಾಕೊಲೇಟ್ ತಾಗಿದಾಗ ಪದರ ತಟ್ಟನೆ ಬಿಗಿದುಕೊಳ್ಳುತ್ತದೆ, ಆಮೇಲೆ ಒಳಗಿನ ಉಂಡೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ, ಪದರ ಸೀಳುತ್ತದೆ. ಜೊತೆಗೆ ಫ್ರೀಜರಿನಿಂದ ತೆಗೆದ ಉಂಡೆ ಗಳಿಗೆಯಲ್ಲಿ ಬೆವರುತ್ತದೆ, ಆ ಬೆವರು ನೇರ ನಿಮ್ಮ ಚಾಕೊಲೇಟ್ ಬಟ್ಟಲಿಗೆ ಇಳಿಯುತ್ತದೆ. ಫ್ರಿಜ್ಜಿನಿಂದ ತೆಗೆದದ್ದನ್ನೂ ಐದು ನಿಮಿಷ ಹೊರಗಿಟ್ಟು, ಮೈ ಒಣಗಿದೆಯೇ ಮುಟ್ಟಿ ನೋಡಿ ಅದ್ದಿ.

ಮೇಲಿನ ಪದರಕ್ಕೆ ಯಾವ ಚಾಕೊಲೇಟ್? ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಎರಡು ಜಾತಿ ಇರುತ್ತವೆ. ಹಿಂಬದಿಯ ಸಣ್ಣ ಅಕ್ಷರ ಓದಿ. ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಎಂದಿದ್ದರೆ ಅದು ಕಾಂಪೌಂಡ್, ಕೋಕೋ ಬಟರ್ ಎಂದಿದ್ದರೆ ಅಸಲಿ ಚಾಕೊಲೇಟ್. ಕಾಂಪೌಂಡ್ ಕರಗಿಸಿ ಅದ್ದಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಬಾಯಲ್ಲಿ ಮಾತ್ರ ಅಂಗುಳಿಗೆ ಮೇಣದಂಥ ಜಿಡ್ಡು ಉಳಿಯುತ್ತದೆ. ಅಸಲಿಯದಕ್ಕೆ ರುಚಿ ಇದೆ, ಜೊತೆಗೆ ಹಟವೂ ಇದೆ, ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲ ಸಲ ಮಾಡುವವರು ನಾಚಿಕೆ ಇಲ್ಲದೆ ಕಾಂಪೌಂಡ್ ಕೊಳ್ಳಿ. ಉಂಡೆಯೊಳಗೆ ಅಸಲಿ ಹಾಕಿ, ಹೊರಗೆ ಕಾಂಪೌಂಡ್ ಹಿಡಿಸಿದರೆ ರುಚಿಯೂ ಉಳಿಯಿತು, ಕೆಲಸವೂ ಆಯಿತು. ಎರಡನ್ನೂ ಒಂದೇ ಬಟ್ಟಲಲ್ಲಿ ಬೆರೆಸಿ ಕರಗಿಸುವ ಜಾಣತನ ಮಾತ್ರ ಬೇಡ. ಆ ಎರಡು ಜಿಡ್ಡುಗಳು ಒಂದಕ್ಕೊಂದು ಹೊಂದುವುದಿಲ್ಲ, ಪದರ ಮೆತ್ತಗಾಗಿ ಬೆಳ್ಳಗಾಗುತ್ತದೆ. ಮಕ್ಕಳು ತಿನ್ನುವ ಹಾಲಿನ ಚಾಕೊಲೇಟ್ ಬಾರನ್ನು ಕರಗಿಸಿದರೆ ದಪ್ಪವಾಗಿ ಎಳೆಯುತ್ತದೆ, ಅದ್ದಲು ಬರುವುದಿಲ್ಲ.

ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೇ ಕೋಕೋ ಬೆಳೆಯುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು 1986ರಲ್ಲಿ. ಆ ಕಡೆಯ ಬಂಧುಗಳಿದ್ದರೆ ಕೋಕೋ ಪುಡಿ ಅಲ್ಲಿಂದಲೇ ತರಿಸಿಕೊಳ್ಳಬಹುದು.

ಈಗ ಕರಗಿಸುವುದು. 20 ಉಂಡೆಗೆ 200 ಗ್ರಾಂ ಕಾಂಪೌಂಡ್ ಬೇಕು. ಅಷ್ಟೂ ಮೆತ್ತಿಕೊಳ್ಳುವುದಿಲ್ಲ, ಆದರೆ ಉಂಡೆ ಮುಳುಗುವಷ್ಟು ಆಳ ಬೇಕಲ್ಲ. ಅಗಲದ ಬೋಗುಣಿ ಬಿಟ್ಟು ಕಿರಿದಾದ ಆಳದ ಬಟ್ಟಲು ಹಿಡಿಯಿರಿ. ಚಾಕೊಲೇಟನ್ನು ಒಂದೇ ಸಮನಾಗಿ ಸಣ್ಣಗೆ ಹೆಚ್ಚಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಮೇಲೆ ಬಟ್ಟಲಿಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಬಟ್ಟಲು ಪಾತ್ರೆಯ ಬಾಯಿಗಿಂತ ಅಗಲ ಇರಬೇಕು, ಇಲ್ಲದಿದ್ದರೆ ಹಬೆ ಬದಿಯಿಂದ ಒಳಗೆ ನುಗ್ಗುತ್ತದೆ. ಮೇಲೆ ಮುಚ್ಚಳ ಹಾಕಬೇಡಿ, ಹಬೆ ಹನಿಯಾಗಿ ಬೀಳುತ್ತದೆ. ಬಟ್ಟಲು, ಚಮಚ, ಚಾಕು ಎಲ್ಲವನ್ನೂ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಎರಡು ಹನಿ ನೀರು ಸಾಕು, ಒಳಗಿನ ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿ ಇಡೀ ಚಾಕೊಲೇಟ್ ಮಣ್ಣಿನ ಹೆಂಟೆಯಾಗುತ್ತದೆ. ಬೆಣ್ಣೆ ಹಾಕಿ ತೆಳುಮಾಡಲು ಹೋಗುವವರಿಗೂ ಇದೇ ಗತಿ, ಬೆಣ್ಣೆಯೊಳಗೂ ನೀರಿದೆ. ತೆಳುವಾಗಬೇಕಿದ್ದರೆ ವಾಸನೆ ಇಲ್ಲದ ಎಣ್ಣೆ ಒಂದು ಟೀ ಚಮಚ ಸೇರಿಸಿ.

ಮೈಕ್ರೋವೇವ್ ಇರುವವರು 30 ಸೆಕೆಂಡಿಗೊಮ್ಮೆ ತೆಗೆದು ಕಲಕಿ. ಮುಕ್ಕಾಲು ಪಾಲು ಕರಗಿದಾಗ ನಿಲ್ಲಿಸಿದರೆ ಉಳಿದದ್ದು ಆ ಬಿಸಿಗೇ ಕರಗುತ್ತದೆ. ಬಿಳಿ ಕಾಂಪೌಂಡ್ ಬೇಗ ಸೀಯುತ್ತದೆ, ಅದರ ಮೇಲೆ ಕಣ್ಣಿಡಿ. ಗಂಟುಗಟ್ಟಿಯೇ ಬಿಟ್ಟರೆ ಎಸೆಯಬೇಡಿ. ಅದ್ದಲು ಅದು ಮತ್ತೆ ಸರಿಹೋಗುವುದಿಲ್ಲ ನಿಜ, ಆದರೆ ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಕಲಕಿದರೆ ನಯವಾದ ಸಾಸ್ ಆಗುತ್ತದೆ. ಮುಂದಿನ ಸಲದ ಉಂಡೆಗೆ ಅಂಟು ಸಿಕ್ಕಿತು ಅಂದುಕೊಳ್ಳಿ.

ಅದ್ದಲು ಪ್ಲಾಸ್ಟಿಕ್ ಫೋರ್ಕಿನ ನಡುವಿನ ಎರಡು ಹಲ್ಲು ಮುರಿದು ಇಟ್ಟುಕೊಳ್ಳಿ, ಇದಕ್ಕಿಂತ ಒಳ್ಳೆಯ ಸಲಕರಣೆ ದುಡ್ಡು ಕೊಟ್ಟರೂ ಸಿಗದು. ಉಂಡೆಯನ್ನು ಬಿಟ್ಟು, ಹೊರಳಿಸಿ, ಎತ್ತಿ, ಫೋರ್ಕನ್ನು ಬಟ್ಟಲಿನ ಅಂಚಿಗೆ ನಾಲ್ಕಾರು ಸಲ ಮೆಲ್ಲಗೆ ತಟ್ಟಿ. ತಳವನ್ನು ಅಂಚಿಗೆ ಸವರಿ, ಬಟರ್ ಪೇಪರ್ ಮೇಲೆ ಟೂತ್‌ಪಿಕ್ಕಿನಿಂದ ಜಾರಿಸಿ. ತಟ್ಟಲು ಸೋಮಾರಿತನ ಮಾಡಿದರೆ ಕೆಳಗೆ ಚಾಕೊಲೇಟ್ ಹರಡಿ ಚಪ್ಪಟೆ ಪಾದ ಮೂಡುತ್ತದೆ. ಮೇಲೆ ಉದುರಿಸುವ ಪಿಸ್ತಾ, ಚಿಕ್ಕಿ ಪುಡಿ, ಒಣ ಕೊಬ್ಬರಿ ತುರಿಯನ್ನು ಮೊದಲೇ ಎದುರಿಗಿಟ್ಟುಕೊಳ್ಳಿ. ತಣ್ಣನೆಯ ಉಂಡೆಯ ಮೇಲೆ ಕಾಂಪೌಂಡ್ ಒಂದೆರಡು ನಿಮಿಷದಲ್ಲೇ ಗಟ್ಟಿಯಾಗುತ್ತದೆ. ಒಬ್ಬರು ಅದ್ದುತ್ತಾ ಇನ್ನೊಬ್ಬರು ಉದುರಿಸುತ್ತಾ ಹೋದರೆ ಚೆನ್ನ, ಮನೆಯಲ್ಲಿ ಹತ್ತು ವರ್ಷದ ಮಗು ಇದ್ದರೆ ಕೆಲಸ ಸಿಕ್ಕಿತು. ಹಸಿ ತೆಂಗಿನ ತುರಿ ಬೇಡ. ಬಟ್ಟಲಲ್ಲಿದ್ದದ್ದು ನಡುವೆ ದಪ್ಪವಾದರೆ ಮತ್ತೆ ಬಿಸಿ ಪಾತ್ರೆಯ ಮೇಲೆ ಒಂದು ನಿಮಿಷ ಇಟ್ಟು, ಇಳಿಸಿ, ಬಟ್ಟಲಿನ ತಳ ಒರೆಸಿ ಮುಂದುವರಿಸಿ.

ಅಸಲಿ ಚಾಕೊಲೇಟೇ ಬೇಕು ಎನ್ನುವವರಿಗೆ ಟೆಂಪರ್ ಮಾಡುವುದು, ಅಂದರೆ ಕರಗಿಸಿದ್ದು ಹೊಳಪಾಗಿ ಗಟ್ಟಿಯಾಗುವಂತೆ ಲೆಕ್ಕವಿಟ್ಟು ತಣಿಸುವುದು, ತಪ್ಪಿದ್ದಲ್ಲ. 300 ಗ್ರಾಂ ಡಾರ್ಕ್ ಇದ್ದರೆ 200 ಗ್ರಾಂ ಮಾತ್ರ 45 ಡಿಗ್ರಿವರೆಗೆ ಕರಗಿಸಿ. ಕೆಳಗಿಳಿಸಿ, ಉಳಿದ 100 ಗ್ರಾಂ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ 31, 32 ಡಿಗ್ರಿಗೆ ಬರುವವರೆಗೆ ಬಿಡದೆ ಕಲಕಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತೊಟ್ಟು ಕೆಳತುಟಿಗೆ ತಾಗಿಸಿ, ತುಸುವೇ ತಣ್ಣಗೆ ಅನ್ನಿಸಬೇಕು. ಬಟರ್ ಪೇಪರ್ ಮೇಲೆ ಸವರಿದ ಚೂರು ಐದು ನಿಮಿಷದಲ್ಲಿ ಹೊಳೆಯುತ್ತಾ ಗಟ್ಟಿಯಾದರೆ ಗೆದ್ದಿರಿ. ಕೋಣೆ 20ರಿಂದ 22 ಡಿಗ್ರಿ ಇರಬೇಕು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇದು ಸಲೀಸು. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನವರು ಏಸಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಕೋಕೋ ಬಟರ್ ಕರಗುವುದೇ 34 ಡಿಗ್ರಿ ಹತ್ತಿರ, ನಿಮ್ಮ ಅಡುಗೆಮನೆ ಅದಕ್ಕಿಂತ ಮುಂದಿರುತ್ತದೆ. ಕರಾವಳಿಯವರಿಗೆ ಮಳೆಗಾಲದಲ್ಲಿ ಗಾಳಿಯ ತೇವವೇ ಶತ್ರು.

ಕ್ರೀಮ್ ಹಾಕಿದ ಟ್ರಫಲ್ ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಐದಾರು ದಿನ ಇರುತ್ತದೆ. ಪಕ್ಕದಲ್ಲಿ ಈರುಳ್ಳಿ, ಇಂಗಿನ ಡಬ್ಬಿ ಇಡಬೇಡಿ, ಚಾಕೊಲೇಟ್ ವಾಸನೆ ಎಳೆದುಕೊಳ್ಳುತ್ತದೆ. ತಿನ್ನಲು ತೆಗೆದಾಗ ಡಬ್ಬಿಯ ಮುಚ್ಚಳ ಕೂಡಲೇ ತೆರೆಯದೆ ಇಪ್ಪತ್ತು ನಿಮಿಷ ಹಾಗೇ ಬಿಡಿ. ಬೆವರುವುದಾದರೆ ಡಬ್ಬಿ ಬೆವರಲಿ. ಟ್ರಫಲ್ ಮೇಲೆ ನೀರು ಕೂತರೆ ಸಕ್ಕರೆ ಕರಗಿ, ಒಣಗಿ, ಬಿಳಿ ಒರಟು ಕಲೆಯಾಗುತ್ತದೆ. ಸೆಖೆಗೆ ಜಿಡ್ಡು ಮೇಲೆದ್ದೂ ಬೆಳ್ಳಗಾಗುವುದುಂಟು; ಬೆರಳಿನಿಂದ ಉಜ್ಜಿದರೆ ಅದು ಕರಗಿ ಮಾಯವಾಗುತ್ತದೆ, ಸಕ್ಕರೆಯದು ಒರಟಾಗೇ ಉಳಿಯುತ್ತದೆ. ಎರಡೂ ಬೂಸಲಲ್ಲ, ತಿನ್ನಬಹುದು. ದೀಪಾವಳಿಗೆ ಹಂಚುವವರು ಡಬ್ಬಿಯ ಮೇಲೆ ಬಾದಾಮಿ, ಶೇಂಗಾ ಏನೇನು ಹಾಕಿದ್ದೀರಿ ಬರೆದು ಕೊಡಿ. ಮನೆಯಲ್ಲಿ ನಾಯಿ ಇದ್ದರೆ ತಟ್ಟೆಯನ್ನು ಟೀಪಾಯ್ ಮೇಲೆ ಬಿಟ್ಟು ಏಳಬೇಡಿ, ಚಾಕೊಲೇಟ್ ಅದಕ್ಕೆ ವಿಷ.

ಬಟ್ಟಲಲ್ಲಿ ಉಳಿದ ಚಾಕೊಲೇಟಿಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ ಕಲಸಿ, ಚಮಚದಿಂದ ಬಟರ್ ಪೇಪರ್ ಮೇಲೆ ಬಿಟ್ಟರೆ ಇನ್ನೊಂದು ತಿಂಡಿ. ಕೊನೆಗೆ ಬಟ್ಟಲನ್ನು ಸಿಂಕಿಗೆ ಹಾಕುವ ಮೊದಲು ಹಳೇ ಪೇಪರಿನಿಂದ ಚೆನ್ನಾಗಿ ಒರೆಸಿ ಕಸಕ್ಕೆ ಹಾಕಿ. ಬಿಸಿನೀರು ಸುರಿದರೆ ಆಯಿತು ಎನ್ನುವವರ ಮನೆಯಲ್ಲಿ ಆ ಜಿಡ್ಡು ಪೈಪಿನ ತಿರುವಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ, ಪ್ಲಂಬರನ ಖರ್ಚು ಟ್ರಫಲಿನ ಖರ್ಚನ್ನು ಮೀರುತ್ತದೆ.